ಹೆಬ್ಬೆರಳಿನ ನಾಡಿ

ಆ ಪಶು ಆಸ್ಪತ್ರೆಗೆ ಎಷ್ಟೋ ಡಾಕ್ಟರುಗಳು ಬಂದರು, ಅಷ್ಟೇ ಜನ ವರ್ಗವಾಗಿ ಹೋದರು. ಅಲ್ಲಾಡದೆ ಉಳಿದದ್ದು ಎರಡೇ: ಹಿತ್ತಲಿನ ತುಕ್ಕು ಹಿಡಿದ ನೀರಿನ ತೊಟ್ಟಿ ಮತ್ತು ನಾಡಿಯಣ್ಣ. ಇಪ್ಪತ್ತಾರು ವರ್ಷದ ಸರ್ವೀಸು. ಕಾಗದದ ಮೇಲೆ ಅವನು ಡ್ರೆಸ್ಸರ್. ಅಂದರೆ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವಾಗ ಹಸುವಿನ ಕಾಲು ಹಿಡಿಯುವುದು, ಅದು ಒದ್ದರೆ ಒದೆಸಿಕೊಳ್ಳುವುದು. ಆದರೆ ಡ್ರೆಸ್ಸರ್ ಎಂದು ಯಾರಾದರೂ ಕೂಗಿದರೆ ಅವನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ನಾಡಿಯಣ್ಣ ಅನ್ನಿ, ಕೈಯಲ್ಲಿದ್ದ ಹತ್ತಿಯನ್ನೂ ಬಿಟ್ಟು ಬರುತ್ತಿದ್ದ.

ಆ ಹೆಸರು ಬಂದದ್ದು ಅವನು ನಾಡಿ ನೋಡುವ ವೈಖರಿಗೆ. ಕುದುರೆಯಾದರೆ ಕೆಳದವಡೆಯ ಮೂಳೆಯನ್ನು ಬಳಸಿ ಹೋಗುವ ನಾಳದ ಮೇಲೆ, ಹಸುವಾದರೆ ಬಾಲದ ಬುಡದ ಕೆಳಗೆ, ನಾಯಿಯಾದರೆ ತೊಡೆಯ ಒಳಮೈಗೆ ತನ್ನ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದು, ಕಣ್ಣನ್ನು ಅರ್ಧ ಮುಚ್ಚಿ, ಉಳಿದರ್ಧದಲ್ಲಿ ಗೋಡೆಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದ. ಸುತ್ತ ನಿಂತವರು ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು. ಒಂದು ನಿಮಿಷವಾದ ಮೇಲೆ, "ಎಪ್ಪತ್ತೆರಡು. ಏನೂ ಭಯ ಇಲ್ಲ, ಕರ್ಕೊಂಡು ಹೋಗಿ" ಎಂದರೆ ಮುಗಿಯಿತು, ಡಾಕ್ಟರು ಬರುವ ಮುಂಚೆಯೇ ಹಸುವಿನ ಯಜಮಾನನ ಮುಖಕ್ಕೆ ಕಳೆ ಬಂದುಬಿಡುತ್ತಿತ್ತು.

ಅವನು ಇದನ್ನು ಕಲಿತ ಕಥೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಆಗಿನ ಹಳೇ ಡಾಕ್ಟರು ಒಂದು ಹಸುವಿನ ಬಾಲ ಎತ್ತಿ, "ಮೂರು ಬೆರಳು ಹಗುರವಾಗಿ ಇಡು, ಬಡಿಯೋದು ಸಿಗುತ್ತೆ" ಎಂದರು. ಇಟ್ಟ. ಏನೂ ಸಿಗಲಿಲ್ಲ. ಒತ್ತಿ ಇಟ್ಟ, ಮೇಲೆ ಇಟ್ಟ, ಕೆಳಗೆ ಇಟ್ಟ. ಹಸು ಸಗಣಿ ಹಾಕಿತೇ ಹೊರತು ನಾಡಿ ಕೊಡಲಿಲ್ಲ. "ಸಿಕ್ತಾ?" ಎಂದರು ಡಾಕ್ಟರು. ಹಿಂದೆ ನಾಲ್ಕು ಜನ ನಿಂತಿದ್ದರು. "ಸಿಕ್ತು ಸಾರ್" ಎಂದುಬಿಟ್ಟ. ಸಿಗಲಿಲ್ಲ ಸಾರ್ ಎಂಬ ಒಂದು ಮಾತು ಆವತ್ತು ಬಾಯಿಂದ ಬಂದಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಮತ್ತೆ ಹೋಗಿ ತಡಕಾಡಿದ. ಬೇಸತ್ತು ಹೆಬ್ಬೆರಳಿಟ್ಟು ಒತ್ತಿದ. ಆಹಾ! ಡಬ್, ಡಬ್, ಡಬ್. ಸ್ಪಷ್ಟವಾಗಿ, ಬಾಗಿಲು ತಟ್ಟಿದ ಹಾಗೆ. ಅವತ್ತಿಂದ ಹೆಬ್ಬೆರಳೇ ಗತಿ.

ಒಂದೇ ಒಂದು ಸಲ ಎಡವಿದ್ದ. ಕುದುರೆಯೊಂದರ ಚಿಕಿತ್ಸೆಯ ಕಾರ್ಡಿನಲ್ಲಿ ಎಪ್ಪತ್ತನಾಲ್ಕು ಎಂದು ಬರೆದದ್ದಕ್ಕೆ ಹಳೇ ಡಾಕ್ಟರು, "ಕುದುರೆಗೆ ಎಪ್ಪತ್ತನಾಲ್ಕಾ? ಅದೇನು ಸಾಯೋಕೆ ಬಿದ್ದಿದೆಯೇನಯ್ಯಾ? ಮೂವತ್ತೈದು, ನಲವತ್ತು ಇರ್ಬೇಕು" ಎಂದು ರೇಗಿದ್ದರು. ನಾಡಿಯಣ್ಣ ಒಂದಿಡೀ ದಿನ ತಲೆ ಕೆಡಿಸಿಕೊಂಡ. ಕೊನೆಗೆ ಹೊಳೆಯಿತು: ಹೃದಯ ಒಂದು ಬಡಿತಕ್ಕೆ ಲಬ್ ಎಂದು ಒಂದು, ಡಬ್ ಎಂದು ಒಂದು, ಎರಡು ಸದ್ದು ಮಾಡುತ್ತದೆ ತಾನೆ? ಕುದುರೆಯದು ದೊಡ್ಡ ಹೃದಯ. ಎರಡೂ ಬಿಡಿಬಿಡಿಯಾಗಿ ಬೆರಳಿಗೆ ತಾಗುತ್ತಿರಬೇಕು, ತಾನು ಎರಡನ್ನೂ ಎಣಿಸುತ್ತಿರಬೇಕು! ಆಮೇಲಿಂದ ಕುದುರೆ ಬಂದರೆ ಎಣಿಸಿದ್ದರಲ್ಲಿ ಅರ್ಧ ಮಾಡಿ ಬರೆದ. ಮೂವತ್ತಾರು. ಹಳೇ ಡಾಕ್ಟರು ಸಹಿ ಹಾಕಿದರು. ಹಸು, ಆಡು, ದೊಡ್ಡ ನಾಯಿ ಯಾವುದಕ್ಕೂ ಎಪ್ಪತ್ತೆರಡು ಹೊಂದುತ್ತಿತ್ತು. ಹೀಗೆ ಇಪ್ಪತ್ತಾರು ವರ್ಷ ಒಬ್ಬರೂ ಬೆರಳೆತ್ತಿ ಕೇಳಲಿಲ್ಲ.

ಮನೆಯಲ್ಲಿ ಹೆಂಡತಿ ಹೊಲಿಗೆ ಕೆಲಸದವಳು. ಬಾಯಿ ಸ್ವಲ್ಪ ಜೋರು, ಆದರೆ ಗಂಡನ ಹೆಸರೆಂದರೆ ಅವಳಿಗೂ ಹೆಮ್ಮೆ. ಬಟ್ಟೆ ಅಳತೆಗೆ ಬಂದವರಿಗೆ, "ನಮ್ಮೋರು ಬೆರಳಿಟ್ರೆ ಸಾಕು" ಎಂದು ಹೇಳದೆ ಟೇಪು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಈಚೆಗೆ ನಾಲ್ಕು ತಿಂಗಳಿಂದ ಮಾತ್ರ ಒಂದು ರಾಗ ಶುರು ಮಾಡಿದ್ದಳು.

"ಏನ್ರೀ ಇದು, ಮೂರು ಮೆಟ್ಟಿಲು ಹತ್ತಿ ಗುಡ್ಡ ಹತ್ತಿದೋರ ಥರ ಏದುಸಿರು ಬಿಡ್ತೀರಿ? ಒಂದ್ಸಲ ತೋರಿಸ್ಕೊಂಡು ಬನ್ನಿ."

"ಸುಮ್ನಿರೇ. ಊರ ನಾಡಿಯೆಲ್ಲ ನೋಡೋನಿಗೆ ತನ್ನ ನಾಡಿ ಗೊತ್ತಾಗಲ್ವಾ?"

ಹೀಗಂದವನು ಈ ನಮ್ಮ ಮಹಾನುಭಾವ. ನೆನಪಿಟ್ಟುಕೊಳ್ಳಿ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗಾಡಿಯವನು ತನ್ನ ಕಂದು ಕುದುರೆಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದ. ರೈಲು ಗೋದಾಮಿನಿಂದ ಮೂಟೆ ಸಾಗಿಸುವವನು. ಹದಿನಾಲ್ಕು ವರ್ಷದಿಂದ ಅದೇ ಹೆಣ್ಣು ಕುದುರೆ, ಅದೇ ಗಾಡಿ. ಗಬ್ಬದ ಕುದುರೆಗೆ ದಿನ ತುಂಬಿತ್ತು. ರಾತ್ರಿಯಿಂದ ನೋವು ತಿಂದು ಬೆಳಿಗ್ಗೆ ಕುಸಿದು ಬಿದ್ದಿತ್ತು. ಎಂಟು ತಿಂಗಳ ಹಿಂದೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಅದರ ತುಟಿ ಎತ್ತಿ ವಸಡು ನೋಡಿದಳು. ಗುಲಾಬಿ ಇರಬೇಕಾದ ವಸಡು ಸುಣ್ಣದ ಗೋಡೆಯಂತಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ತೊಂಬತ್ತು ಎಣಿಸಿದಳು.

"ಒಳಗೆಲ್ಲೋ ರಕ್ತ ಸೋರ್ತಿದೆ. ದೊಡ್ಡಾಸ್ಪತ್ರೆಯಿಂದ ಸರ್ಜನ್ ಹೊರಟಿದಾರೆ, ಇನ್ನೊಂದು ಗಂಟೆ. ಅಲ್ಲಿ ತನಕ ಡ್ರಿಪ್ ಹಾಕೋಣ" ಎಂದಳು.

ಅಷ್ಟರಲ್ಲಿ ಲಾರಿಗೆ ಸಿಕ್ಕ ನಾಯಿಯೊಂದನ್ನು ಚೀಲದಲ್ಲಿ ಸುತ್ತಿ ತಂದರು. ಕಾಲಿನ ನಾಳ ಹರಿದು ರಕ್ತ ಚಿಲ್ಲೆಂದು ಹಾರುತ್ತಿತ್ತು. ಅದನ್ನು ಪಕ್ಕದ ಆಪರೇಷನ್ ಕೋಣೆಗೆ ಒಯ್ಯುತ್ತ ಡಾಕ್ಟರಮ್ಮ ನಾಡಿಯಣ್ಣನಿಗೆ ಹೇಳಿದಳು: "ಕುದುರೆ ನಾಡಿ ಬಿಡ್ಬೇಡಿ. ನಿಂತ ತಕ್ಷಣ ಕೂಗಿ. ತಾಯಿ ಹೃದಯ ನಿಂತ ಮೇಲೆ ಮರಿಗೆ ನಾಲ್ಕೈದು ನಿಮಿಷ ಅಷ್ಟೇ. ಎಲ್ಲ ಬಿಟ್ಟು ಬಂದು ಹೊಟ್ಟೆ ಕೊಯ್ತೀನಿ, ಮರಿಯಾದ್ರೂ ಉಳೀಲಿ."

"ನಾನಿದೀನಲ್ಲ ಡಾಕ್ಟ್ರೇ" ಎಂದ ನಾಡಿಯಣ್ಣ.

ಶೆಡ್ಡಿನ ಹುಲ್ಲಿನ ಮೇಲೆ ಮಂಡಿಯೂರಿ ದವಡೆಯ ಕೆಳಗೆ ಹೆಬ್ಬೆರಳು ಒತ್ತಿ ಎಣಿಸಿದ, ರೂಢಿಯಂತೆ ಅರ್ಧ ಮಾಡಿದ. ಗಾಡಿಯವನು ಕುದುರೆಯ ಕುತ್ತಿಗೆಗೆ ಕೆನ್ನೆ ಕೊಟ್ಟು ಕುಳಿತಿದ್ದ. ಒಳಗಿಂದ ಕೂಗು ಬಂತು, "ನಾಡಿ?"

"ಇದೆ! ಐವತ್ತಾರು!"

"ಇಳೀತಿದೆಯಾ? ಒಳ್ಳೇದು" ಎಂದಳು ಡಾಕ್ಟರಮ್ಮ. ಆ ದನಿಯಲ್ಲಿದ್ದ ನೆಮ್ಮದಿಯನ್ನು ನಾಡಿಯಣ್ಣ ಮುಂದೆ ಎಷ್ಟೋ ಸಲ ನೆನೆದು ನಡುಗಿದ.

ಸ್ವಲ್ಪ ಹೊತ್ತಾಯಿತು. ಗಾಡಿಯವನು ತಲೆಯೆತ್ತಿದ. "ಅಣ್ಣಾ, ಇವಳು ಉಸಿರಾಡ್ತಿಲ್ಲ ಅನ್ಸುತ್ತೆ."

"ನಾಡಿ ಇದೆಯಲ್ಲೋ ಮಾರಾಯ! ಬೆರಳಿಗೆ ಹೊಡೀತಿದೆ. ಸುಮ್ನೆ ಗಾಬರಿ ಬೀಳಿಸ್ಬೇಡ."

"ಅಲ್ಲಣ್ಣಾ, ಹೊಟ್ಟೆ ಏಳ್ತಾನೇ ಇಲ್ಲ..."

"ಇಪ್ಪತ್ತಾರು ವರ್ಷ ಆಯ್ತು ನಾನು ನಾಡಿ ನೋಡೋಕೆ ಶುರುಮಾಡಿ. ನೀನು ಹೇಳಿಕೊಡ್ತೀಯಾ?"

ಗಾಡಿಯವನು ಬಾಯಿ ಮುಚ್ಚಿಕೊಂಡ. ಒಳಗಿಂದ ಮತ್ತೆ ಎರಡು ಸಲ ಕೂಗು ಬಂತು. ಎರಡು ಸಲವೂ ನಾಡಿಯಣ್ಣ, "ಇದೆ!" ಎಂದ. ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ. ಬೆರಳಿನಡಿ ಬಡಿಯುತ್ತಲೇ ಇತ್ತು. ಡಾಕ್ಟರಮ್ಮ ನಾಯಿಯ ನಾಳ ಕಟ್ಟಿ ಮುಗಿಸಿ ಹೊರಬಂದಾಗ ಗಾಡಿಯವನು ಹಾಗೆ ಅಂದು ಹನ್ನೆರಡು ನಿಮಿಷವಾಗಿತ್ತು. ಅವಳು ಕುದುರೆಯ ಕಣ್ಣು ನೋಡಿದಳು, ಕಣ್ಣಗುಡ್ಡೆಯನ್ನು ಬೆರಳಿನಿಂದ ಮುಟ್ಟಿದಳು. ರೆಪ್ಪೆ ಮಿಟುಕಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಆಗಲೂ ನಾಡಿಯಣ್ಣನ ಹೆಬ್ಬೆರಳು ದವಡೆಯ ಮೇಲೇ ಇತ್ತು, ಆಗಲೂ ಡಬ್ ಡಬ್ ಎನ್ನುತ್ತಿತ್ತು.

"ಕೈ ತೆಗೀರಿ" ಎಂದಳು. ಚಾಕು ತೆಗೆದುಕೊಂಡಳು.

ಮರಿ ಪೂರ್ತಿ ಬೆಳೆದಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆ, ಗೊರಸು ಇನ್ನೂ ಮೆತ್ತಗೆ. ಮೈ ಬೆಚ್ಚಗಿತ್ತು. ಡಾಕ್ಟರಮ್ಮ ಅದರ ಮೂಗಿಗೆ ಊದಿದಳು, ಎದೆ ಒತ್ತಿದಳು, ಕಾಲು ಗಂಟೆ ಒತ್ತಿದಳು. ಆಮೇಲೆ ಅಲ್ಲೇ ಕುಳಿತುಬಿಟ್ಟಳು. ಗಾಡಿಯವನು ಅಳುತ್ತ ನಾಡಿಯಣ್ಣನ ಎರಡೂ ಕೈ ಹಿಡಿದುಕೊಂಡು, "ಕೊನೆ ತನಕ ಕೈ ಬಿಡಲಿಲ್ಲ ಅಣ್ಣಾ ನೀವು. ಅಷ್ಟು ಸಾಕು ನನಗೆ" ಎಂದ. ನಾಡಿಯಣ್ಣನಿಗೆ ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ಏನೋ ತಪ್ಪಾಗಿದೆ ಎಂದು ಅವನಿಗೆ ಗೊತ್ತಾಗಿತ್ತು. ಏನು ಎಂದು ಮಾತ್ರ ಗೊತ್ತಿರಲಿಲ್ಲ. ಸತ್ತ ಕುದುರೆಯ ನಾಡಿ ಬಡಿದದ್ದು ಹೇಗೆ?

ತಡವಾಗಿ ಬಂದ ಸರ್ಜನ್ ಜೊತೆ ಡಾಕ್ಟರಮ್ಮ ಕುದುರೆಯನ್ನು ಪೂರ್ತಿ ಕೊಯ್ದು ನೋಡಿದಳು. ಪಾತ್ರೆ ಹಿಡಿದು ನಿಂತವನು ನಾಡಿಯಣ್ಣನೇ. ಗರ್ಭಕೋಶಕ್ಕೆ ಹೋಗುವ ದಪ್ಪ ನಾಳವೊಂದು ಹರಿದು, ಹೊಟ್ಟೆಯೊಳಗೆ ಬಕೆಟ್ಟುಗಟ್ಟಲೆ ರಕ್ತ ನಿಂತಿತ್ತು. ಸರ್ಜನ್ ಹೋದ ಮೇಲೆ ಅವಳು ಕುದುರೆಯ ಹೃದಯವನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ನಾಲ್ಕು ಕೇಜಿ ತೂಗುವ ಮಾಂಸದ ಮುದ್ದೆ.

"ಇಲ್ಲಿ ಬನ್ನಿ, ನೋಡಿ" ಎಂದಳು. "ನಾಲ್ಕು ಕೋಣೆ. ಮೈಯೆಲ್ಲ ಸುತ್ತಿ ಸುಸ್ತಾದ ರಕ್ತ ಬಲಗಡೆಗೆ ಬರುತ್ತೆ. ಬಲಗಡೆ ಅದನ್ನ ಶ್ವಾಸಕೋಶಕ್ಕೆ ನೂಕುತ್ತೆ. ಅಲ್ಲಿ ಗಾಳಿ ತುಂಬ್ಕೊಂಡು ಎಡಗಡೆಗೆ ವಾಪಸ್. ಎಡಗಡೆ ಗೋಡೆ ನೋಡಿ ಎಷ್ಟು ದಪ್ಪ, ಅದು ಕಿವಿ ತುದಿಯಿಂದ ಗೊರಸಿನ ತನಕ ನೂಕ್ಬೇಕಲ್ಲ. ಮಧ್ಯೆ ಈ ಬಾಗಿಲುಗಳು, ಒಂದೇ ಕಡೆ ತೆರೆಯುತ್ತವೆ. ಮುಂದಕ್ಕೆ ಹೋದ ರಕ್ತ ಹಿಂದಕ್ಕೆ ಬರೋ ಹಾಗಿಲ್ಲ." ಎರಡು ನಾಳದ ತುಂಡು ತೆಗೆದಳು. ಒಂದು ರಬ್ಬರಿನ ಕೊಳವೆಯಂತೆ ಬಾಯಿ ತೆರೆದೇ ನಿಂತಿತ್ತು. ಇನ್ನೊಂದು ಒದ್ದೆ ಬಟ್ಟೆಯಂತೆ ಮುದುಡಿ ಬಿತ್ತು. "ಗಟ್ಟಿದು ಹೃದಯದಿಂದ ಹೊರಗೆ ಒಯ್ಯೋದು. ಮೆತ್ತಗಿನದು ವಾಪಸ್ ತರೋದು. ಹೃದಯ ಹಿಂಡಿದಾಗೆಲ್ಲ ಆ ನೂಕು ಈ ಗಟ್ಟಿ ಗೋಡೆ ಉದ್ದಕ್ಕೂ ಓಡುತ್ತೆ. ಅದೇ ನಾಡಿ. ಹೃದಯ ನಿಂತ ಮೇಲೆ ನೂಕೋರು ಯಾರು?"

ಅವಳು ಅವನ ಮುಖ ನೋಡದೆ ಕೇಳಿದಳು. ಅವನು ಹೃದಯ ನೋಡದೆ ತಲೆ ತಗ್ಗಿಸಿದ. ಆ ದಿನ ಸಂಜೆ ಅವಳು ಹಳೆಯ ಕಾರ್ಡುಗಳ ಕಟ್ಟನ್ನೆಲ್ಲ ಕಟ್ಟಿಕೊಂಡು ಮನೆಗೆ ಹೋದಳು.

ಎರಡು ದಿನ ಡಾಕ್ಟರಮ್ಮ ಕುದುರೆಯ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಡಿಯಣ್ಣ ತಟ್ಟೆಯ ಮುಂದೆ ಕೂತು ಎದ್ದು ಹೋಗುವುದನ್ನು ನೋಡಿ ಹೆಂಡತಿ, "ಕುದುರೆ ಸತ್ರೆ ನೀವ್ಯಾಕೆ ಉಪವಾಸ ಬೀಳ್ಬೇಕು? ನೀವೇನು ಕೊಂದ್ರಾ?" ಎಂದಳು. ಅವಳಿಗೇನು ಗೊತ್ತು ಪಾಪ. ಅವನು ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಮುಖ ತೊಳೆದ, ಮತ್ತೆ ತೊಳೆದ.

ಮೂರನೆಯ ದಿನ ಡಾಕ್ಟರಮ್ಮ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಮೇಜಿನ ಮೇಲೆ ಕಾರ್ಡುಗಳನ್ನು ಹರಡಿದ್ದಳು.

"ನಾಡಿ ಹೇಗೆ ನೋಡ್ತೀರಿ, ತೋರಿಸಿ."

"ಯಾವುದರದ್ದು ಡಾಕ್ಟ್ರೇ? ಇಲ್ಲಿ ಪ್ರಾಣಿ ಇಲ್ವಲ್ಲ."

"ಈ ಮೇಜಿನ ಕಾಲಿಂದು ನೋಡಿ."

ತಮಾಷೆ ಎಂದುಕೊಂಡ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಮಂಡಿಯೂರಿ ಮರದ ಕಾಲನ್ನು ಹಿಡಿದು ಹೆಬ್ಬೆರಳು ಒತ್ತಿದ. ಡಬ್. ಡಬ್, ಡಬ್. ಕೈ ಬೆಂಕಿ ಮುಟ್ಟಿದಂತೆ ಹಿಂದೆ ಬಂತು. ಮತ್ತೆ ಒತ್ತಿದ. ಮರ ಬಡಿಯುತ್ತಿತ್ತು! ಐವತ್ತು ವರ್ಷ ದಾಟಿದ ಗಂಡಸು ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಹೆಬ್ಬೆರಳಿನೊಳಗೆ ದೊಡ್ಡ ನಾಳ ಇದೆ" ಎಂದಳು ಡಾಕ್ಟರಮ್ಮ, ದನಿ ತಗ್ಗಿಸಿ. "ಒತ್ತಿದ್ರೆ ಅದೇ ಬಡಿಯುತ್ತೆ. ಅದಕ್ಕೇ ಹೆಬ್ಬೆರಳಿಡಬಾರದು ಅನ್ನೋದು. ಇಷ್ಟು ವರ್ಷ ನೀವು ಎಣಿಸಿದ್ದು ನಿಮ್ಮ ನಾಡಿ."

ಇಪ್ಪತ್ತಾರು ವರ್ಷ! ಹಸು, ಎಮ್ಮೆ, ಆಡು, ಕುದುರೆ, ಒಂದಲ್ಲ ಎರಡಲ್ಲ. ಎಲ್ಲದರ ಮೈಮೇಲೂ ಕೈಯಿಟ್ಟು ತನ್ನನ್ನೇ ಕೇಳಿಕೊಂಡು, ತನ್ನನ್ನೇ ಬರೆದು, ಊರ ಮುಂದೆ ಮೀಸೆ ತಿರುವಿದ್ದ. ಜ್ವರ ಬಂದವಕ್ಕೂ ಎಪ್ಪತ್ತೆರಡು, ಸಾಯುವವಕ್ಕೂ ಎಪ್ಪತ್ತೆರಡು. ಯಾವ ಯಾವ ಯಜಮಾನನಿಗೆ ಭಯ ಇಲ್ಲ, ಕರ್ಕೊಂಡು ಹೋಗಿ ಎಂದಿದ್ದನೋ ಅವರ ಮುಖಗಳೆಲ್ಲ ಒಂದೊಂದಾಗಿ ಬಂದವು. ಮರಿಯ ಹಣೆಯ ಬಿಳಿ ಚುಕ್ಕೆ ಬಂತು. ಅವನು ಬಿಕ್ಕಿ ಬಿಕ್ಕಿ ಅತ್ತ.

ಅವಳು ಅಳಲು ಬಿಟ್ಟಳು. ಆಮೇಲೆ ಒಂದು ಕಾರ್ಡು ಎತ್ತಿ, "ಇನ್ನೊಂದು ವಿಷಯ ಇದೆ" ಎಂದಳು. "ನಾಲ್ಕು ತಿಂಗಳ ಹಿಂದಿನ ತನಕ ಎಲ್ಲ ಎಪ್ಪತ್ತೆರಡು, ಎಪ್ಪತ್ನಾಲ್ಕು. ಆಮೇಲೆ ನೂರ ಹತ್ತು, ನೂರ ಹನ್ನೆರಡು. ಗೊರಸು ಕತ್ತರಿಸೋಕೆ ಬಂದ ಹಸುಗೂ ನೂರ ಹನ್ನೆರಡು. ಪಕ್ಕದಲ್ಲಿ ನೀವೇ ಬರೆದಿದೀರಿ, 'ತಪ್ಪಿ ತಪ್ಪಿ ಬಡಿಯುತ್ತಿದೆ' ಅಂತ. ಈ ಊರಿನ ಪ್ರಾಣಿಗಳಿಗೆಲ್ಲ ಒಟ್ಟಿಗೆ ಹೃದಯದ ಕಾಯಿಲೆ ಬಂತಾ? ಕೈ ಕೊಡಿ."

ಮಣಿಕಟ್ಟಿನ ಮೇಲೆ ಮೂರು ಬೆರಳು ಹಗುರವಾಗಿ ಇಟ್ಟಳು. ಒಂದು ನಿಮಿಷ ಎಣಿಸಿದಳು. "ಇವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗಿ. ಇದನ್ನ ಬಿಡೋ ಹಾಗಿಲ್ಲ."

ಮರಿಯನ್ನು ಕೊಂದ ತಪ್ಪು ಲೆಕ್ಕವೇ ತನ್ನ ಜೀವ ಉಳಿಸಲಿದೆ ಎಂದು ತಿಳಿದಾಗ ಅವನಿಗೆ ಸಂತೋಷವೇನೂ ಆಗಲಿಲ್ಲ. ನಾಚಿಕೆ ಇಮ್ಮಡಿಯಾಯಿತು.

"ಮೇಲಿನವರಿಗೆ ನಾನು ಬರೆಯಲೇಬೇಕು" ಎಂದಳು ಅವಳು. "ನನ್ನ ತಪ್ಪೂ ಬರೀತೀನಿ. ಎಂಟು ತಿಂಗಳು ಕಾರ್ಡು ನೋಡದೆ ಸಹಿ ಹಾಕಿದೀನಿ, ರಕ್ತ ಸೋರ್ತಿರೋ ಕುದುರೆಗೆ ತೊಂಬತ್ತರಿಂದ ಒಮ್ಮೆಗೇ ಐವತ್ತಾರು ಅಂದ್ರೆ ಎದ್ದು ಬಂದು ನೋಡಬೇಕಿತ್ತು, ಬರಲಿಲ್ಲ. ಆದ್ರೆ ಗಾಡಿಯವನಿಗೆ ಹೇಳೋದು ನಿಮ್ಮ ಕೆಲಸ. ಅದನ್ನ ನಾನು ಮಾಡಲ್ಲ."

ಮನುಷ್ಯರ ಆಸ್ಪತ್ರೆಯ ಡಾಕ್ಟರು, ಎಡಗಡೆಯ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ಮನೆ ನಡುಗುತ್ತಿದೆ ಎಂದರು. ಇನ್ನಷ್ಟು ದಿನ ಬಿಟ್ಟಿದ್ದರೆ ರಕ್ತ ಒಳಗೇ ಹೆಪ್ಪುಗಟ್ಟಿ ತಲೆಗೆ ಹೋಗುತ್ತಿತ್ತಂತೆ. ಮಾತ್ರೆ ಕೊಟ್ಟರು. ಹೆಂಡತಿಗೆ ಅವನು ಎಲ್ಲವನ್ನೂ ಹೇಳಿದ. ಹೊಲಿಗೆ ಯಂತ್ರದ ಚಕ್ರ ನಿಂತಿತು. ಬೈಗುಳಕ್ಕೆ ಕಾದ. ಬರಲಿಲ್ಲ. "ಗಾಡಿಯವನ ಮನೆಗೆ ಯಾವಾಗ ಹೋಗ್ತೀರಿ?" ಎಂದಳು, ಅಷ್ಟೆ. ಆಮೇಲೆ ಬಟ್ಟೆಯ ಅಳತೆಗೆ ಬಂದವರಿಗೆ ಅವಳು ಗಂಡನ ಬೆರಳಿನ ಸುದ್ದಿ ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಹೋಗಲು ಮೂರು ವಾರ ಬೇಕಾಯಿತು. ಎರಡು ಸಲ ಆ ಬೀದಿಯ ತಿರುವಿನ ತನಕ ಹೋಗಿ, ಸೈಕಲ್ ಅಂಗಡಿಯವನ ಹತ್ತಿರ ಬೇಡದ ಮಾತಾಡಿ ವಾಪಸಾದ. ಮೂರನೆಯ ಸಲ ಹೋದ. ಅಂಗಳದಲ್ಲಿ ಗಾಡಿ ಮೂಗು ಊರಿ ನಿಂತಿತ್ತು. ಗಾಡಿಯವನು ಲಗಾಮಿನ ತೊಗಲಿಗೆ ಎಣ್ಣೆ ತಿಕ್ಕುತ್ತಿದ್ದ, ಹಾಕುವುದಕ್ಕೆ ಕುದುರೆ ಇಲ್ಲದಿದ್ದರೂ.

"ಬನ್ನಿ ನಾಡಿಯಣ್ಣ, ಬನ್ನಿ. ಕೂತ್ಕೊಳ್ಳಿ" ಎಂದು ತಾನು ಕೂತಿದ್ದ ಸ್ಟೂಲನ್ನೇ ಒರೆಸಿ ಕೊಟ್ಟ. ಒಳಗೆ ಕೂಗಿ ಚಹಾ ಹೇಳಿದ.

"ಆ ಹೆಸರಿಂದ ಕರೀಬೇಡಪ್ಪ" ಎಂದ ನಾಡಿಯಣ್ಣ, ನಿಂತೇ. ಆಮೇಲೆ ಹೇಳಿದ. ಹೆಬ್ಬೆರಳಿನ ವಿಷಯ, ಮೇಜಿನ ಕಾಲಿನ ವಿಷಯ. "ನಾನು ಇದೆ, ಇದೆ ಅಂತ ಕೂಗಿದ್ದು ನನ್ನ ನಾಡೀನೇ ನೋಡ್ಕೊಂಡು. ನಿನ್ನ ಕುದುರೆ ಆಗ್ಲೇ ಹೋಗಿತ್ತು. ಆಗ ಕೂಗಿದ್ರೆ ಮರಿ ಉಳೀತಿತ್ತೋ ಏನೋ. ನಾನು ಕೂಗಲಿಲ್ಲ."

ಚಹಾ ಬಂತು. ಯಾರೂ ಮುಟ್ಟಲಿಲ್ಲ. ಗಾಡಿಯವನು ಎಣ್ಣೆ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಉಸಿರಾಡ್ತಿಲ್ಲ ಅಂದೆ ನಾನು" ಎಂದ ಕೊನೆಗೆ. "ಅಂದೆನಲ್ಲ?"

"ಅಂದೆಯಪ್ಪ."

"ಹದಿನಾಲ್ಕು ವರ್ಷ ಅವಳ ಜೊತೆ ಓಡಾಡಿದೋನು ನಾನು. ಅವಳು ಉಸಿರು ಬಿಟ್ಟಿದ್ದು ನನ್ನ ಕೆನ್ನೆಗೆ ಗೊತ್ತಾಯ್ತು. ನೀವು ಗದರಿಸಿದ್ರಿ. ದೊಡ್ಡೋರು, ತಿಳಿದೋರು, ನನ್ನದೇ ತಪ್ಪು ಅಂತ ಬಾಯಿ ಮುಚ್ಕೊಂಡೆ. ಇಷ್ಟು ದಿನ ನನ್ನನ್ನೇ ಬೈಕೊಂಡಿದೀನಿ, ಅಂಥಾ ಹೊತ್ತಲ್ಲಿ ಅಪಶಕುನ ನುಡಿದೆನಲ್ಲ ಅಂತ." ಬಟ್ಟೆಯನ್ನು ಕೆಳಗಿಟ್ಟ. "ಹೊರಡಿ. ನಿಮ್ಮ ಮುಖ ನೋಡೋಕಾಗ್ತಿಲ್ಲ ನನಗೆ."

ನಾಡಿಯಣ್ಣ ಹೊರಟ. ಬೀದಿಯಲ್ಲಿ ಎದುರಾದ ಹಾಲಿನವನು, "ಏನ್ ನಾಡಿಯಣ್ಣ, ಈ ಕಡೆ?" ಎಂದು ನಕ್ಕ. ಅವನು ಗೋಡೆ ಹಿಡಿದುಕೊಂಡು ನಡೆದ.

ಮೇಲಿನಿಂದ ಕಾಗದ ಬಂತು. ಕೆಲಸ ಉಳಿಯಿತು, ಎಚ್ಚರಿಕೆ ಬಂತು, ಆರು ತಿಂಗಳು ತಿರುಗಿ ತರಬೇತಿ ಎಂದು ಬಂತು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಅವನು ಹಸುವಿನ ಬಾಲ ಎತ್ತಿ ಮೂರು ಬೆರಳಿಟ್ಟು ಮೊದಲಿಂದ ಶುರು ಮಾಡಿದ. ಮೊದಲ ಹದಿನೈದು ದಿನ ಏನೂ ಸಿಗಲಿಲ್ಲ. ಹಿಂದೆ ಜನ ನಿಂತಿರುತ್ತಿದ್ದರು. "ಸಿಕ್ತಾ?" ಎಂದು ಡಾಕ್ಟರಮ್ಮ ಕೇಳಿದರೆ, "ಸಿಗಲಿಲ್ಲ ಡಾಕ್ಟ್ರೇ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಪ್ರತಿ ಸಲವೂ ಕಿವಿ ಕೆಂಪಾಗುತ್ತಿತ್ತು. ಕಾರ್ಡಿನಲ್ಲೂ ಹಾಗೇ ಬರೆಯುತ್ತಿದ್ದ. ಹದಿನಾರನೆಯ ದಿನ ಒಂದು ಮುದಿ ಎಮ್ಮೆಯ ಬಾಲದಡಿ, ಬಟ್ಟೆಯೊಳಗೆ ಮಿಡತೆ ಮಿಸುಕಿದಷ್ಟು ಮೆತ್ತಗೆ, ಏನೋ ತಾಗಿತು. ತನ್ನದಲ್ಲದ್ದು. ಐವತ್ತೆಂಟು.

ವರ್ಷ ಕಳೆಯುವ ಹೊತ್ತಿಗೆ ಗಾಡಿಯವನು ಒಂದು ಎಳೆಯ ಬೂದು ಕುದುರೆ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಹೊಸದಾಗಿ ತಂದದ್ದು, ಗಾಡಿಗೆ ಹೂಡುವ ಮುಂಚೆ ಒಮ್ಮೆ ತೋರಿಸಬೇಕು. ನಾಡಿಯಣ್ಣ ದೂರದಿಂದಲೇ ನೋಡಿ ಔಷಧಿ ಕೋಣೆಗೆ ಸರಿದುಕೊಂಡ. ಡಾಕ್ಟರಮ್ಮ ಸ್ಟೆತಾಸ್ಕೋಪ್ ತೆಗೆದಳು.

"ಅವರು ಎಲ್ಲಿ?" ಎಂದ ಗಾಡಿಯವನು. "ನಾಡಿ ಅವರೇ ನೋಡ್ಲಿ."

ನಾಡಿಯಣ್ಣ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ನಿಮ್ಮನ್ನ ಕ್ಷಮಿಸಿದೀನಿ ಅಂದ್ಕೋಬೇಡಿ" ಎಂದ ಗಾಡಿಯವನು, ಹಗ್ಗ ಬಿಗಿಯಾಗಿ ಹಿಡಿದು. "ಆದ್ರೆ ಈ ಊರಲ್ಲಿ ಇನ್ನು ಆ ತಪ್ಪು ಮಾಡದೇ ಇರೋನು ನೀವೊಬ್ರೇ. ನೋಡಿ. ಹೆಬ್ಬೆರಳು ಮಡಚ್ಕೊಳ್ಳಿ."

ಮಡಚಿಕೊಂಡ. ಮೂರು ಬೆರಳನ್ನು ದವಡೆಯ ಕೆಳಗೆ ಹಗುರವಾಗಿ ಇಟ್ಟ. ಏನೂ ಇಲ್ಲ. ಗಾಡಿಯವನ ಕಣ್ಣು ಅವನ ಕೈ ಮೇಲೇ ಇತ್ತು. ಕುದುರೆ ಒಮ್ಮೆ ಬುಸುಗುಟ್ಟಿತು. ಆಮೇಲೆ ಬಂತು, ನಿಧಾನವಾಗಿ, ಒಂದು. ಮತ್ತೊಂದು ಬರುವಷ್ಟರಲ್ಲಿ ಮನುಷ್ಯ ಹೆದರಿ ಸಾಯಬಹುದಾದಷ್ಟು ಬಿಡುವು. ಎರಡು. ಗಡಿಯಾರ ನೋಡುತ್ತ ಇಡೀ ನಿಮಿಷ ಎಣಿಸಿದ.

"ಮೂವತ್ತೆಂಟು" ಎಂದ.

"ಯಾರ್ದು?" ಎಂದು ಕೇಳಿದ ಗಾಡಿಯವನು.

"ಕುದುರೆದು" ಎಂದ ನಾಡಿಯಣ್ಣ.